ಶುಗರ್ ಜೊತೆ ಇನ್ನೊಂದು ಕಾಯಿಲೆ ಇದ್ದವರಿಗೆ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್: ಕೊಡಗಿನ ಮಟ್ಟಿಗೆ ಒಂದು ವಿಮರ್ಶೆ

ತೀರ್ಪು ಮೊದಲೇ ಇರಲಿ. ಶುಗರ್ ಒಂದೇ ಇದ್ದು, ಮಾತ್ರೆಯಲ್ಲಿ ಹಿಡಿತಕ್ಕೆ ಬಂದಿರುವವರಿಗೆ, ತೋಳಿಗೆ ಅಂಟಿಸಿಕೊಂಡು ಎರಡು ವಾರ ಶುಗರ್ ಗಮನಿಸುವ ಈ ಸೆನ್ಸರ್ ಬೇಕಾಗಿಲ್ಲ. ಅದಕ್ಕೆ ಹಾಕುವ ನಾಲ್ಕೈದು ಸಾವಿರವನ್ನು ಬೆರಳು ಚುಚ್ಚಿ ನೋಡುವ ಮೀಟರ್‌ನ ಸ್ಟ್ರಿಪ್‌ಗೆ ಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ. ಆದರೆ ಶುಗರ್ ಜೊತೆಗೆ ಕಿಡ್ನಿ ಸೋತಿರುವವರು, ಲಿವರ್ ಕೆಟ್ಟಿರುವವರು, ಮಳೆ ಹಿಡಿದರೆ ದಮ್ಮು ಹೆಚ್ಚಾಗಿ ಸ್ಟೀರಾಯ್ಡ್ ಮಾತ್ರೆ ನುಂಗಬೇಕಾದವರು, ರಕ್ತ ಕಡಿಮೆಯಿರುವವರು, ಇವರ ಲೆಕ್ಕವೇ ಬೇರೆ. ಬೆಳಗ್ಗೆ ಶುಗರ್ 95 (ಮಿ.ಗ್ರಾಂ/ಡೆ.ಲೀ.), ಸಂಜೆ 290, ಮರುದಿನ ನಸುಕಿನಲ್ಲಿ ಮೈಯೆಲ್ಲ ಬೆವತು ಎಚ್ಚರವಾಗುವುದು. ಇದಕ್ಕೆಲ್ಲ ‘ನೀವು ಪಥ್ಯ ಮಾಡ್ತಿಲ್ಲ’ ಎಂಬ ಒಂದೇ ಉತ್ತರ ಸಿಗುತ್ತಿದ್ದರೆ, ವರ್ಷಕ್ಕೆ ಒಂದೆರಡು ಸೆನ್ಸರ್ ಹಾಕಿಕೊಂಡರೆ ದುಡ್ಡಿಗೆ ಮೋಸವಿಲ್ಲ. ಒಂದೇ ಷರತ್ತು: ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು ಹಾಕಬೇಕು. ಸುಮ್ಮನೆ ನೋಡುತ್ತ ಕೂರಲು ಹಾಕಿಕೊಂಡರೆ ಸಿಗುವುದು ಗಾಬರಿ ಮಾತ್ರ.

ವಸ್ತು ಇಷ್ಟೇ. ಅಬಾಟ್ ಕಂಪನಿಯ ಒಂದು ಬಿಳಿ ಬಿಲ್ಲೆ, 35 ಮಿ.ಮೀ. ಅಗಲ, 5 ಮಿ.ಮೀ. ದಪ್ಪ. ತೋಳಿನ ಹಿಂಭಾಗಕ್ಕೆ ಅಂಟಿಕೊಳ್ಳುತ್ತದೆ. ಅದರಿಂದ ಕೂದಲಿನಂಥ ಎಳೆಯೊಂದು ಸುಮಾರು 5 ಮಿ.ಮೀ. ಚರ್ಮದೊಳಗೆ ಹೋಗುತ್ತದೆ. ಅದು ಅಳೆಯುವುದು ರಕ್ತದ ಸಕ್ಕರೆಯನ್ನಲ್ಲ, ಜೀವಕೋಶಗಳ ನಡುವಿನ ದ್ರವದ ಸಕ್ಕರೆಯನ್ನು. ರಕ್ತದಲ್ಲಿ ಆದ ಬದಲಾವಣೆ ಅಲ್ಲಿಗೆ ತಲುಪಲು ಐದರಿಂದ ಹತ್ತು ನಿಮಿಷ ಬೇಕು. ಈ ತಡವನ್ನು ಮರೆತವರೇ ಸೆನ್ಸರ್‌ಗೆ ಹೆಚ್ಚು ಬೈಯುವುದು.

ಅಂಗಡಿಯಲ್ಲಿ ‘ಲಿಬ್ರೆ’ ಎಂದು ಕೇಳಿದರೆ ಬೇರೆಬೇರೆ ಸರಕು ಕೈಗೆ ಬರಬಹುದು. ಲಿಬ್ರೆ ಪ್ರೋ ವೈದ್ಯರ ಬಳಕೆಗೆ ಮಾಡಿದ್ದು. ಹಾಕಿಕೊಂಡವರಿಗೆ ಏನೂ ಕಾಣಿಸುವುದಿಲ್ಲ, 14 ದಿನದ ನಂತರ ಕ್ಲಿನಿಕ್‌ನಲ್ಲಿ ರೀಡರ್ ಹಿಡಿದು ಪೂರ್ತಿ ದಾಖಲೆ ತೆಗೆಯುತ್ತಾರೆ. ಮೊದಲು ಬಂದ ಮಾಮೂಲಿ ಲಿಬ್ರೆಯೂ 14 ದಿನದ್ದೇ, ಆದರೆ ಫೋನನ್ನು ಹತ್ತಿರ ಹಿಡಿದರೆ ಆ ಕ್ಷಣದ ಅಂಕಿ ಕಾಣುತ್ತದೆ. ಅದರಲ್ಲಿ ಅಲಾರಂ ಇಲ್ಲ. ಲಿಬ್ರೆ 2 ಪ್ಲಸ್ 15 ದಿನದ್ದು, ಬ್ಲೂಟೂತ್‌ನಲ್ಲಿ ತಾನಾಗಿಯೇ ಅಂಕಿ ಕಳಿಸುತ್ತದೆ, ಶುಗರ್ ಇಳಿದರೆ ಕೂಗುವಂತೆಯೂ ಮಾಡಬಹುದು. ತೋಟದ ಮನೆಯಲ್ಲಿ ಒಂಟಿಯಾಗಿರುವ, ಇನ್ಸುಲಿನ್ ಅಥವಾ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವ ಕಿಡ್ನಿ ರೋಗಿಗೆ ಅಲಾರಂ ಇಲ್ಲದ್ದನ್ನು ಕೊಡಿಸುವುದು ಅರ್ಧ ಕೆಲಸ. ಅಂಕಿ ನೋಡಿದರೆ ಊಟವನ್ನೇ ಬಿಡುವ ಸ್ವಭಾವದವರಿಗೆ ಪ್ರೋ ವಾಸಿ. ಅವರು ಎಂದಿನಂತೆ ತಿಂದುಂಡು ಇರುವುದರಿಂದ ದಾಖಲೆಯೂ ಪ್ರಾಮಾಣಿಕವಾಗಿರುತ್ತದೆ.

ಫೋನಿನ ವಿಷಯ. ಸ್ಕ್ಯಾನ್ ಮಾಡಲು, ಸೆನ್ಸರ್ ಚಾಲೂ ಮಾಡಲು ಎನ್‌ಎಫ್‌ಸಿ (ಹತ್ತಿರ ಹಿಡಿದರೆ ಸಂಕೇತ ಓದುವ ಸೌಲಭ್ಯ) ಇರುವ ಫೋನ್ ಬೇಕು. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಅದು ಇರುವುದಿಲ್ಲ, ಆದ್ದರಿಂದ ಸೆನ್ಸರ್ ಕೊಳ್ಳುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ಯಾವ ಫೋನ್‌ನಿಂದ ಸೆನ್ಸರ್ ಚಾಲೂ ಮಾಡುತ್ತೀರೋ ಕೊನೆಯವರೆಗೂ ಅದೇ ಫೋನ್. ಮಗ ರಜೆಗೆ ಬಂದಾಗ ಅವನ ಫೋನ್‌ನಲ್ಲಿ ಶುರುಮಾಡಿ, ಅವನು ಬೆಂಗಳೂರಿಗೆ ಹೊರಟ ಮೇಲೆ ಅಪ್ಪನ ಫೋನ್ ಹಿಡಿದರೆ ಆಗುವುದಿಲ್ಲ. ಖಾತೆ ತೆರೆಯಲು ಒಮ್ಮೆ ಇಂಟರ್‌ನೆಟ್ ಬೇಕು. ಆಮೇಲೆ ಅಂಕಿ ನೋಡಲು ನೆಟ್‌ವರ್ಕ್ ಬೇಡ. ಆಷಾಢದ ಗಾಳಿಮಳೆಗೆ ಮರ ಬಿದ್ದು ಕರೆಂಟು, ಟವರ್ ಎರಡೂ ಹೋದ ದಿನವೂ ಅದು ಕೆಲಸ ಮಾಡುತ್ತದೆ, ಫೋನಿಗೆ ಚಾರ್ಜ್ ಇದ್ದರೆ ಸಾಕು. ದೂರದ ಮಕ್ಕಳಿಗೆ ಅಂಕಿ ಕಾಣಿಸುವ ಲಿಬ್ರೆಲಿಂಕ್‌ಅಪ್‌ಗೆ ಮಾತ್ರ ನೆಟ್‌ವರ್ಕ್ ಬೇಕೇ ಬೇಕು. ‘ಮೊಬೈಲ್‌ನಲ್ಲಿ ನೋಡ್ತಾ ಇರ್ತೇವೆ’ ಎಂಬ ಧೈರ್ಯವನ್ನು ಮಳೆಗಾಲದಲ್ಲಿ ನಂಬಿ ಕೂರಬಾರದು.

ಸ್ಕ್ಯಾನ್ ಮಾದರಿಯ ಸೆನ್ಸರ್ ಎಂಟು ಗಂಟೆಯ ಲೆಕ್ಕವನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ 9ಕ್ಕೆ ಸ್ಕ್ಯಾನ್ ಮಾಡಿ ಮಲಗಿ ಬೆಳಗ್ಗೆ 6ಕ್ಕೆ ಮಾಡಿದರೆ ನಡುವಿನ ಒಂದು ಗಂಟೆ ಅಳಿಸಿಹೋಗಿರುತ್ತದೆ. ನಡುರಾತ್ರಿ ಮೂತ್ರಕ್ಕೆ ಎದ್ದಾಗ ಒಮ್ಮೆ ಫೋನ್ ಹಿಡಿದರೆ ಈ ತೊಂದರೆ ಇಲ್ಲ. ಒಟ್ಟು ಅವಧಿಯ ಶೇ 70ರಷ್ಟಾದರೂ ದಾಖಲೆ ಇಲ್ಲದಿದ್ದರೆ ವರದಿಯನ್ನು ನಂಬುವಂತಿಲ್ಲ.

ಅಂಟಿಸುವುದು ಮತ್ತು ಅಂಟಿಯೇ ಇರುವಂತೆ ನೋಡಿಕೊಳ್ಳುವುದು

ನಮ್ಮಲ್ಲಿ ಸೆನ್ಸರ್ ಹಾಳಾಗುವುದಕ್ಕಿಂತ ಕಳಚಿಬೀಳುವುದೇ ಹೆಚ್ಚು. ಕಾರಣ ಮಳೆಯೊಂದೇ ಅಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಂಡ ಚರ್ಮ ಎರಡು ಸಲ ಸೋಪು ಹಾಕಿದರೂ ಎಣ್ಣೆ ಬಿಡುವುದಿಲ್ಲ, ಅಂಟು ಹಿಡಿಯುವುದಿಲ್ಲ. ಹಾಗಾಗಿ ಅಂಟಿಸುವ ಹಿಂದಿನ ದಿನದಿಂದಲೇ ತೋಳಿಗೆ ಎಣ್ಣೆ, ಕ್ರೀಮು ಬೇಡ. ಕೂದಲಿದ್ದರೆ ಬೋಳಿಸಿ. ಮಾಮೂಲಿ ಸೋಪಿನಲ್ಲಿ ತೊಳೆದು, ಒರೆಸಿ, ಪೊಟ್ಟಣದಲ್ಲಿರುವ ಸ್ಪಿರಿಟ್ ಹಾಳೆಯಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ತೇವದ ಹವೆಯಲ್ಲಿ ಸ್ಪಿರಿಟ್ ಆರಲು ಹೊತ್ತು ಹಿಡಿಯುತ್ತದೆ, ಅವಸರ ಮಾಡಿದರೆ ಅಂಚು ಏಳುತ್ತದೆ. ಗಾಯದ ಕಲೆ, ಮಚ್ಚೆ ಇರುವ ಜಾಗ ಬೇಡ. ಇನ್ಸುಲಿನ್ ಚುಚ್ಚುವ ಜಾಗದಿಂದ ಒಂದಂಗುಲವಾದರೂ ದೂರವಿರಲಿ.

ಪೆಟ್ಟಿಗೆಯಲ್ಲಿ ಎರಡು ಭಾಗ ಇರುತ್ತವೆ: ಸೆನ್ಸರ್ ಇರುವ ಡಬ್ಬಿ ಮತ್ತು ಒತ್ತುವ ಸಾಧನ. ಎರಡರ ಮೇಲಿನ ಸಂಕೇತ ಒಂದೇ ಇದೆಯೇ ನೋಡಿ. ಮುಚ್ಚಳ ತೆಗೆದು, ಎರಡರಲ್ಲೂ ಇರುವ ಕಪ್ಪು ಗುರುತುಗಳನ್ನು ಎದುರುಬದುರಾಗಿ ಹೊಂದಿಸಿ, ಗಟ್ಟಿ ಮೇಜಿನ ಮೇಲೆ ನಿಲ್ಲುವವರೆಗೂ ಒತ್ತಿ ಎತ್ತಬೇಕು. ಈಗ ಸೂಜಿ ಹೊರಬಂದಿರುತ್ತದೆ, ಮತ್ತೆ ಒತ್ತಿ ನೋಡಬೇಡಿ. ತೋಳಿನ ಹಿಂದಿನ ಮೆದು ಜಾಗಕ್ಕೆ ನೇರವಾಗಿ ಇಟ್ಟು ಒಮ್ಮೆ ಗಟ್ಟಿಯಾಗಿ ಒತ್ತಿ, ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಬಿಲ್ಲೆಯ ಸುತ್ತಲಿನ ಅಂಟನ್ನು ಬೆರಳಿನಿಂದ ಸವರಿ ಕೂರಿಸಿ. ಫೋನ್ ಹಿಡಿದು ಚಾಲೂ ಮಾಡಿ 60 ನಿಮಿಷ ಕಾದರೆ ಅಂಕಿ ಬರತೊಡಗುತ್ತದೆ. ಒಂದು ಹನಿ ರಕ್ತ ಕಂಡರೆ ಗಾಬರಿ ಬೇಡ. ರಕ್ತ ನಿಲ್ಲದಿದ್ದರೆ ಮಾತ್ರ ತೆಗೆದುಬಿಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ.

ಹೆಂಗಸರಿಗೆ ಒಂದು ಮಾತು: ರವಿಕೆಯ ತೋಳಿನ ಅಂಚು ಎಲ್ಲಿ ಬಿಗಿಯುತ್ತದೋ ಆ ಗೆರೆಯ ಮೇಲೆ ಸೆನ್ಸರ್ ಬರಬಾರದು. ಒಂದೋ ಅಂಚಿನ ಕೆಳಗೆ, ಇಲ್ಲವೇ ಪೂರ್ತಿ ಬಟ್ಟೆಯೊಳಗೆ. ಕಾಫಿ ಕುಯ್ಯುವವರಿಗೆ ಚೀಲದ ಪಟ್ಟಿ ಯಾವ ಹೆಗಲಿಗೆ ಬೀಳುತ್ತದೋ ಅದರ ಎದುರಿನ ತೋಳು. ಮೈಗೆ ಒತ್ತಿಕೊಳ್ಳುವ ರೈನ್‌ಕೋಟು ಒಳಗೆ ಬೆವರು ಕಟ್ಟಿಸಿ ಅಂಟನ್ನು ಸಡಿಲಿಸುತ್ತದೆ. ಮೇಲೆ ಪ್ಲಾಸ್ಟರ್ ಹಾಕುವುದಾದರೆ ಸುತ್ತ ಹಾಕಿ, ಬಿಲ್ಲೆಯ ನಡುವಿನ ಸಣ್ಣ ತೂತು ಮುಚ್ಚಬಾರದು. ಸ್ನಾನಕ್ಕೆ ತೊಂದರೆಯಿಲ್ಲ, 1 ಮೀಟರ್ ನೀರಿನಲ್ಲಿ 30 ನಿಮಿಷದವರೆಗೆ ತಡೆಯುತ್ತದೆ. ಹೊಳೆಯಲ್ಲಿ ಈಜಾಡುವುದಕ್ಕೆ ಈ ಮಿತಿ ಸಾಲದು.

ಮೊದಲ 24 ಗಂಟೆಯ ಅಂಕಿಗಳಿಗೆ ಹೆಚ್ಚು ಬೆಲೆ ಕೊಡಬೇಡಿ. ಚರ್ಮ ಚುಚ್ಚಿದ ಜಾಗದಲ್ಲಿ ಸಣ್ಣ ಊತ ಇರುತ್ತದೆ, ಅದು ಇಳಿಯುವವರೆಗೆ ಸೆನ್ಸರ್ ಅಡ್ಡಾದಿಡ್ಡಿ ಓಡುತ್ತದೆ.

ಕಾಯಿಲೆಗೆ ತಕ್ಕಂತೆ ಗೆರೆ

ಸೆನ್ಸರ್‌ನ ನಿಜವಾದ ಬೆಲೆ ಇರುವುದು ಇಲ್ಲಿ. ಒಂದೊಂದು ಜೊತೆಕಾಯಿಲೆಯೂ, ಸೆನ್ಸರ್ ಬರೆಯುವ ಶುಗರ್‌ನ ಏರಿಳಿತದ ಗೆರೆಯಲ್ಲಿ ತನ್ನದೇ ಗುರುತು ಬಿಡುತ್ತದೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾಗಿ ಎರಡು ಗಂಟೆಗೆ ಒಮ್ಮೆ ನೋಡುವ ಪದ್ಧತಿಗೆ ಅದು ಸಿಕ್ಕುವುದೇ ಇಲ್ಲ.

ಸ್ಟೀರಾಯ್ಡ್‌ನಿಂದ ಶುರುಮಾಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಬೂಷ್ಟು ಹಿಡಿಯುವ ಊರಿನಲ್ಲಿ ದಮ್ಮಿನವರಿಗೆ ಪ್ರೆಡ್ನಿಸೋಲೋನ್ ಕೋರ್ಸು ಹೊಸದಲ್ಲ. ಬೆಳಗ್ಗೆ ತಿಂಡಿಯಾದ ಮೇಲೆ ನುಂಗಿದ ಮಾತ್ರೆ ಶುಗರನ್ನು ಮಧ್ಯಾಹ್ನದಿಂದ ಏರಿಸಲು ಶುರುಮಾಡಿ ಸಂಜೆ, ರಾತ್ರಿಯವರೆಗೂ ಎತ್ತರದಲ್ಲಿಟ್ಟು, ನಡುರಾತ್ರಿ ದಾಟಿದ ಮೇಲೆ ಬಿಟ್ಟುಕೊಡುತ್ತದೆ. ಹಾಗಾಗಿ ಬೆಳಗಿನ ಖಾಲಿಹೊಟ್ಟೆ ಪರೀಕ್ಷೆ 100ರ ಹತ್ತಿರ ಬಂದು ಎಲ್ಲ ಚೆನ್ನಾಗಿದೆ ಎನ್ನುತ್ತದೆ, ರಾತ್ರಿ ಎಂಟಕ್ಕೆ ಅದೇ ಮನುಷ್ಯನಿಗೆ 300 ಇರುತ್ತದೆ. ಅದಕ್ಕಿಂತ ಅಪಾಯ ಇನ್ನೊಂದಿದೆ. ರಾತ್ರಿಯ 300 ನೋಡಿ ಮಲಗುವ ಹೊತ್ತಿನ ಇನ್ಸುಲಿನ್ ಏರಿಸಿದರೆ, ಸ್ಟೀರಾಯ್ಡ್ ಬಿಟ್ಟುಕೊಡುವ ಹೊತ್ತಿಗೇ ಇನ್ಸುಲಿನ್ ಹಿಡಿದು ನಸುಕಿನಲ್ಲಿ ಶುಗರ್ ಕುಸಿಯುತ್ತದೆ. ಗೆರೆ ನೋಡಿದ ವೈದ್ಯರು ಬೆಳಗಿನ ಅಥವಾ ಮಧ್ಯಾಹ್ನದ ಔಷಧವನ್ನು ಬದಲಿಸುತ್ತಾರೆ. ಕೋರ್ಸು ಮುಗಿಯುತ್ತಿದ್ದಂತೆ ಆ ಹೆಚ್ಚುವರಿ ಔಷಧವನ್ನೂ ಇಳಿಸಬೇಕು. ಇದನ್ನು ಕೇಳದೆ ಕ್ಲಿನಿಕ್‌ನಿಂದ ಹೊರಡಬೇಡಿ.

ಕಿಡ್ನಿಯದು ತದ್ವಿರುದ್ಧ. ಮೈಯೊಳಗಿನ ಇನ್ಸುಲಿನ್ನನ್ನು ಕರಗಿಸಿ ಹೊರಹಾಕುವುದರಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಸೋತಷ್ಟೂ ಅದೇ ಡೋಸ್ ಹೆಚ್ಚು ಹೊತ್ತು ಉಳಿಯುತ್ತದೆ, ಗೆರೆ ರಾತ್ರಿ ಎರಡರಿಂದ ಐದರ ನಡುವೆ ಕೆಳಗೆ ಬಾಗುತ್ತದೆ. ಹತ್ತು ಹದಿನೈದು ವರ್ಷ 200ರ ಮೇಲಿದ್ದವರಿಗೆ ಇದ್ದಕ್ಕಿದ್ದಂತೆ 90 ಬರತೊಡಗಿದರೆ ಮನೆಯವರು ‘ಶುಗರ್ ವಾಸಿಯಾಯ್ತು’ ಎಂದು ಸಂತೋಷಪಡುತ್ತಾರೆ. ಎಷ್ಟೋ ಸಲ ಅದು ಕಿಡ್ನಿ ಕೈಕೊಡುತ್ತಿರುವ ಸುದ್ದಿ; ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್, ಇಜಿಎಫ್‌ಆರ್ ರಕ್ತಪರೀಕ್ಷೆ ನೋಡಿಸಬೇಕು. ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆ ಕಿಡ್ನಿ ರೋಗಿಗೆ ಸಲ್ಲದು. ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ನಿಲ್ಲಿಸುತ್ತಾರೆ, 45ಕ್ಕಿಂತ ಕೆಳಗಾದರೆ ಡೋಸ್ ಇಳಿಸುತ್ತಾರೆ. ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ಕೊಳ್ಳುತ್ತ ಹೋಗುವ ಅಭ್ಯಾಸ ಇಲ್ಲಿ ಬಲು ದುಬಾರಿ.

ಲಿವರ್ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಸೋಲುವ ಕಾಯಿಲೆ) ಇದ್ದವರಲ್ಲಿ ಉಂಡ ಮೇಲೆ ಶುಗರ್ ಎತ್ತರಕ್ಕೆ ಹೋಗುತ್ತದೆ, ಹೊಟ್ಟೆ ಖಾಲಿಯಾದರೆ ತೀರಾ ಕೆಳಗಿಳಿಯುತ್ತದೆ, ಏಕೆಂದರೆ ಹಸಿವಿನ ಹೊತ್ತಿಗೆ ಬಿಡಲು ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ಇರುವುದಿಲ್ಲ. ಇವರಿಗೆ ರಾತ್ರಿ ಮಲಗುವ ಮುಂಚೆ ಸಣ್ಣದೊಂದು ತಿನಿಸು ಇರಲೇಬೇಕು.

ಹೊಟ್ಟೆ ನಿಧಾನವಾಗಿ ಖಾಲಿಯಾಗುವುದು ಹಳೆಯ ಶುಗರ್‌ನ ತೊಂದರೆ. ಊಟಕ್ಕೆ ಮುಂಚೆ ಹಾಕಿಕೊಂಡ ಇನ್ಸುಲಿನ್ ಕೆಲಸ ಶುರುಮಾಡುತ್ತದೆ, ಅನ್ನ ಇನ್ನೂ ಹೊಟ್ಟೆಯಲ್ಲೇ ಕೂತಿರುತ್ತದೆ. ಉಂಡ ಒಂದು ಗಂಟೆಗೆ ಶುಗರ್ ಇಳಿದು ನಾಲ್ಕನೆಯ ಗಂಟೆಗೆ ಏರಿದರೆ ಅನುಮಾನ ಇದರ ಮೇಲೆ. ವಾಂತಿ, ಹೊಟ್ಟೆ ಉಬ್ಬರ ಇದ್ದರೆ ಅನುಮಾನ ಇನ್ನೂ ಗಟ್ಟಿ.

ಇನ್ನು ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ನಂಥ ಹೃದಯದ, ಬಿಪಿಯ ಮಾತ್ರೆ. ಶುಗರ್ ಇಳಿದಾಗ ಬರುವ ನಡುಕ, ಎದೆಬಡಿತ ಎರಡನ್ನೂ ಇವು ಮುಚ್ಚಿಹಾಕುತ್ತವೆ. ಉಳಿಯುವ ಸೂಚನೆ ಬೆವರು. ಏರುತಗ್ಗಿನ ತೋಟದಲ್ಲಿ ಕೆಲಸ ಮಾಡುವವನಿಗೆ ಬೆವರು ಯಾವ ಸೂಚನೆ? ಇಂಥವರಿಗೆ ಅಲಾರಂ ಇರುವ ಸೆನ್ಸರ್ ಶೋಕಿಯಲ್ಲ.

ದುಡಿಮೆಯ ಲೆಕ್ಕವನ್ನೂ ಇಲ್ಲೇ ಸೇರಿಸಬೇಕು. ಡಿಸೆಂಬರ್‌ನಿಂದ ಫೆಬ್ರವರಿಯ ಕಾಫಿ ಕುಯ್ಲಿನ ದಿನವೂ ಭಾನುವಾರವೂ ಒಂದೇ ಮಾತ್ರೆ ನುಂಗಿದರೆ ಎರಡು ದಿನದ ಗೆರೆ ಒಂದೇ ಆಗಿರುವುದಿಲ್ಲ. ದುಡಿದ ಸ್ನಾಯುಗಳು ಕೆಲಸ ನಿಂತ ಮೇಲೂ ಗಂಟೆಗಟ್ಟಲೆ ಸಕ್ಕರೆ ಎಳೆದುಕೊಳ್ಳುತ್ತವೆ, ಆದ್ದರಿಂದ ಕುಸಿತ ತೋಟದಲ್ಲೇ ಬರಬೇಕೆಂದಿಲ್ಲ, ರಾತ್ರಿಯೂ ಬರಬಹುದು.

ಊಟ, ಕುಡಿತ

ಎರಡು ವಾರದಲ್ಲಿ ಹತ್ತು ತಿನಿಸು ಪರೀಕ್ಷಿಸಲು ಹೋಗಬೇಡಿ. ಮೂರು ಸಾಕು, ಒಂದೊಂದನ್ನು ಎರಡು ಸಲ. ಕಡಂಬುಟ್ಟು (ಅಕ್ಕಿ ಕಡುಬು), ನೂಪುಟ್ಟು (ಶ್ಯಾವಿಗೆ), ಅಕ್ಕಿ ಒಟ್ಟಿ (ರೊಟ್ಟಿ) ಮೂರೂ ಅಕ್ಕಿಯೇ, ಆದರೆ ಎಷ್ಟು ತಿನ್ನುತ್ತೀರಿ, ಜೊತೆಗೆ ಏನಿದೆ ಎಂಬುದರ ಮೇಲೆ ಗೆರೆ ಬದಲಾಗುತ್ತದೆ. ಒಂದು ದಿನ ಎರಡು ಕಡಂಬುಟ್ಟು ತಿಂದು ಆಮೇಲೆ ಕರಿ. ಇನ್ನೊಂದು ದಿನ ಮೊದಲು ತರಕಾರಿ, ಮಾಂಸ ತಿಂದು ಕೊನೆಯಲ್ಲಿ ಅದೇ ಎರಡು ಕಡಂಬುಟ್ಟು. ಅಕ್ಕಿಯನ್ನು ಕೊನೆಗೆ ಇಟ್ಟ ದಿನ ಏರಿಕೆ ತಗ್ಗಾಗಿ, ನಿಧಾನವಾಗಿ ಬರುವುದು ಸಾಮಾನ್ಯ. ಪಂದಿಕರಿಯ ಕೊಬ್ಬು ಏರಿಕೆಯನ್ನು ಮುಂದಕ್ಕೆ ತಳ್ಳುತ್ತದೆ. ಎರಡನೆಯ ಗಂಟೆಗೆ 150 ನೋಡಿ ಸಮಾಧಾನಪಟ್ಟವರಿಗೆ ನಾಲ್ಕನೆಯ ಗಂಟೆಯಲ್ಲಿ 230 ಕಾಣಿಸಬಹುದು. ಬೆರಳು ಚುಚ್ಚಿ ಎರಡು ಗಂಟೆಗೆ ನೋಡುವ ಪದ್ಧತಿಗೆ ಈ ಏರಿಕೆ ಕಾಣುವುದೇ ಇಲ್ಲ.

ಬೆಲ್ಲದ ಕಾಫಿಯ ಬಗ್ಗೆ ವಾದಕ್ಕೆ ನಿಲ್ಲುವವರು ಒಂದು ದಿನ ಬೆಲ್ಲದ್ದು, ಒಂದು ದಿನ ಸಕ್ಕರೆಯದು, ಒಂದು ದಿನ ಏನೂ ಇಲ್ಲದ್ದು ಕುಡಿದು ಗೆರೆ ನೋಡಲಿ. ವಾದ ಅಲ್ಲಿಗೆ ಮುಗಿಯುತ್ತದೆ. ಜೇನುತುಪ್ಪಕ್ಕೂ ಇದೇ ಮಾತು. ಕಕ್ಕಡ ತಿಂಗಳ 18ರಂದು ಮದ್ದಿನ ಸೊಪ್ಪಿನಿಂದ ಮಾಡುವ ಪಾಯಸ, ಪುತ್ತರಿ ಹಬ್ಬದ ತಂಬುಟ್ಟು ವರ್ಷಕ್ಕೊಮ್ಮೆ ಬರುವಂಥವು, ಅವಕ್ಕೆ ಸೆನ್ಸರ್ ಖರ್ಚು ಮಾಡಬೇಡಿ. ಸೊಪ್ಪು ಮದ್ದಿನದೇ ಇರಬಹುದು, ಪಾಯಸಕ್ಕೆ ಬಿದ್ದದ್ದು ಅಕ್ಕಿ ಮತ್ತು ಬೆಲ್ಲ.

ಕುಡಿತದ ಮಾತು ಬಿಟ್ಟು ಕೊಡಗಿನಲ್ಲಿ ಶುಗರ್ ಬಗ್ಗೆ ಬರೆಯುವುದು ದಂಡ. ಮನೆಯಲ್ಲಿ ಮಾಡಿದ ಸಿಹಿ ವೈನು ಮೊದಲು ಏರಿಸುತ್ತದೆ. ಬ್ರಾಂದಿ, ವಿಸ್ಕಿಯ ಪೆಟ್ಟು ಬೀಳುವುದು ನಸುಕಿಗೆ. ಮದ್ಯವನ್ನು ಕರಗಿಸುವುದರಲ್ಲಿ ತೊಡಗಿದ ಲಿವರ್ ಹೊಸದಾಗಿ ಸಕ್ಕರೆ ತಯಾರಿಸುವುದನ್ನು ತಗ್ಗಿಸುತ್ತದೆ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಒಳಗಿದ್ದು, ಮದುವೆ ಮನೆಯಲ್ಲಿ ಊಟ ತಡವಾಗಿ ಅರೆಹೊಟ್ಟೆಯಲ್ಲಿ ಮಲಗಿದವರನ್ನು ಬೆಳಗ್ಗೆ ‘ಇನ್ನೂ ಇಳಿದಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಆ ಮಂಪರು ಲೋ ಶುಗರ್‌ನದೂ ಆಗಿರಬಹುದು. ಬೆರಳು ಚುಚ್ಚಿ ನೋಡಿ.

ಸೆನ್ಸರ್ ಸುಳ್ಳು ಹೇಳುವ ಸಂದರ್ಭ

ರಾತ್ರಿ 2 ಗಂಟೆಗೆ 52, ಇಪ್ಪತ್ತು ನಿಮಿಷದ ನಂತರ ತಾನಾಗಿಯೇ 104. ಆ ತೋಳಿನ ಮೇಲೆ ಮಲಗಿದ್ದರೆ ಹೀಗಾಗುತ್ತದೆ. ಒತ್ತಡಕ್ಕೆ ಆ ಜಾಗಕ್ಕೆ ದ್ರವ ಸರಿಯಾಗಿ ಬರದೆ ಅಂಕಿ ಬೀಳುತ್ತದೆ. ಚೂಪಾಗಿ ಬಿದ್ದು ಚೂಪಾಗಿಯೇ ಎದ್ದರೆ ಇದೇ ಎಂದು ತಿಳಿಯಬಹುದು. ನಿಜವಾದ ಕುಸಿತ ಸಾಮಾನ್ಯವಾಗಿ ಇಳಿಜಾರಿನಂತೆ ಬರುತ್ತದೆ. ಹಾಗೆಂದು ಊಹಿಸಿ ಮಲಗಬೇಡಿ, ಚುಚ್ಚಿ ನೋಡಿಯೇ ಮಲಗಿ.

ದಿನಕ್ಕೆ 500 ಮಿ.ಗ್ರಾಂ ಮೀರಿದ ವಿಟಮಿನ್ ಸಿ ಮಾತ್ರೆ ಅಂಕಿಯನ್ನು ಸುಳ್ಳಾಗಿ ಏರಿಸಬಹುದು. ನೆಗಡಿಗೆಂದು ಚೀಪುವ ಮಾತ್ರೆಗಳು ಸಾಮಾನ್ಯವಾಗಿ ಇದೇ ಅಳತೆಯವು, ದಿನಕ್ಕೆ ಎರಡಾದರೆ ಮಿತಿ ದಾಟಿತು. ಪ್ಯಾರಸಿಟಮಾಲ್‌ನಿಂದ ಈ ಸೆನ್ಸರ್‌ಗೆ ತೊಂದರೆಯಿಲ್ಲ. ವಾಂತಿಭೇದಿಯಾಗಿ ನೀರು ತೀರಾ ಕಡಿಮೆಯಾದಾಗ, ಮೈ ಊದಿಕೊಂಡಾಗ ಅಂಕಿಯನ್ನು ನಂಬಬೇಡಿ. ಡಯಾಲಿಸಿಸ್‌ನಲ್ಲಿರುವವರ ಮೇಲೆ ಪರೀಕ್ಷೆ ಮಾಡಿಲ್ಲವೆಂದು ಮೊದಲ ಲಿಬ್ರೆಯ ಸೂಚನಾಪತ್ರವೇ ಹೇಳುತ್ತದೆ. ಅವರು ನೆಫ್ರಾಲಜಿಸ್ಟ್ ಹೇಳಿದರೆ ಮಾತ್ರ ಹಾಕಿಕೊಳ್ಳಲಿ. ಎಂಆರ್‌ಐ, ಸಿಟಿ ಸ್ಕ್ಯಾನ್, ಎಕ್ಸ್‌ರೇಗೆ ಮುಂಚೆ ತೆಗೆಯಬೇಕು, ತೆಗೆದದ್ದನ್ನು ಮತ್ತೆ ಹಾಕಲಾಗದು. ಮೈಸೂರಿನಲ್ಲಿ ಸ್ಕ್ಯಾನಿಂಗ್ ದಿನ ಗೊತ್ತಾಗಿದ್ದರೆ ಅದು ಮುಗಿದ ಮೇಲೆ ಸೆನ್ಸರ್ ಹಾಕಿ.

ಅಂಕಿಗಿಂತ ಪಕ್ಕದ ಬಾಣವನ್ನು ಓದಲು ಕಲಿಯುವುದು ಮುಖ್ಯ. ನೇರ ಕೆಳಗಿನ ಬಾಣ ಎಂದರೆ ನಿಮಿಷಕ್ಕೆ 2ಕ್ಕಿಂತ ಹೆಚ್ಚು ಇಳಿಯುತ್ತಿದೆ ಎಂದರ್ಥ. 110 ಇದ್ದು ನೇರ ಕೆಳಗಿನ ಬಾಣ ಇದ್ದರೆ ಕಾಲು ಗಂಟೆಯಲ್ಲಿ 80ರ ಕೆಳಗಿರಬಹುದು. ಅದೇ 110 ಅಡ್ಡ ಬಾಣದ ಜೊತೆ ಬಂದರೆ ಚಿಂತೆಯಿಲ್ಲ. ಬೆರಳಿನ ಅಂಕಿಯ ಜೊತೆ ಹೋಲಿಸುವುದೂ ಬಾಣ ಅಡ್ಡವಾಗಿದ್ದಾಗಲೇ. ಬೆರಳು 100 ಎಂದು ಸೆನ್ಸರ್ 85 ಎಂದರೆ ಯಾವುದೂ ಕೆಟ್ಟಿಲ್ಲ.

ಮೀಟರ್ ಬೇಕೇ ಬೇಕು

ಸೆನ್ಸರ್ ಬಂತೆಂದು ಮೀಟರನ್ನು ಬೀರುವಿಗೆ ಸೇರಿಸುವಂತಿಲ್ಲ. ಅಂಕಿ 70ರ ಕೆಳಗಿದ್ದಾಗ, ಮೈಯ ಲಕ್ಷಣಕ್ಕೂ ಅಂಕಿಗೂ ತಾಳೆ ಬೀಳದಾಗ, ಬಾಣ ನೇರ ಮೇಲಕ್ಕೋ ಕೆಳಕ್ಕೋ ಇದ್ದಾಗ ಬೆರಳು ಚುಚ್ಚಲೇಬೇಕು. ಆದರೆ ಮೀಟರ್‌ಗೂ ಜೊತೆಕಾಯಿಲೆ ಕಾಡುತ್ತದೆ. ರಕ್ತಹೀನತೆ ಇದ್ದರೆ ಹಲವು ಸ್ಟ್ರಿಪ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. 65 ಇರುವವರಿಗೆ 80 ಎಂದು ಸಮಾಧಾನ ಹೇಳುವ ಮೀಟರ್ ಅಪಾಯದ್ದು. ಸ್ಟ್ರಿಪ್ ಜೊತೆ ಬರುವ ಹಾಳೆಯಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಮಿತಿ ಬರೆದಿರುತ್ತದೆ. ಮಿತಿ 30ರಿಂದ ಶುರುವಾಗುವುದಕ್ಕಿಂತ 10 ಅಥವಾ ಸೊನ್ನೆಯಿಂದ ಶುರುವಾಗುವ ಸ್ಟ್ರಿಪ್ ರಕ್ತ ಕಡಿಮೆಯಿರುವವರಿಗೆ ಸರಿ. ಕಾಂಟೂರ್ ಪ್ಲಸ್‌ನದು 0ಯಿಂದ 70, ಹಾಗಾಗಿ ಕಿಡ್ನಿ ರೋಗಿಯ ಮನೆಗೆ ಒಪ್ಪುವ ಮೀಟರ್ ಅದು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರು, ಮೈಯೊಳಗೆ ಮಾಲ್ಟೋಸ್ ಆಗಿ ಒಡೆಯುವ ಐಕೋಡೆಕ್ಸ್‌ಟ್ರಿನ್ ದ್ರವ ಬಳಸುತ್ತಿದ್ದರೆ, ಮಾಲ್ಟೋಸನ್ನೂ ಗ್ಲೂಕೋಸ್ ಎಂದು ಎಣಿಸುವ ಹಳೆಯ ಬಗೆಯ ಸ್ಟ್ರಿಪ್ ಮುಟ್ಟಲೇಬಾರದು. ಇಲ್ಲದ ಶುಗರನ್ನು ಇದೆ ಎಂದು ತೋರಿಸಿ ಇನ್ಸುಲಿನ್ ಹಾಕಿಸಿಬಿಡುತ್ತದೆ.

ಕೊಡಗಿನ ಎತ್ತರದಿಂದ ಮೀಟರ್ ತಪ್ಪುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಮಡಿಕೇರಿ ಇರುವುದು ಸುಮಾರು 1,150 ಮೀಟರ್‌ನಲ್ಲಿ, ಸ್ಟ್ರಿಪ್‌ಗಳ ಮಿತಿ ಅದಕ್ಕಿಂತ ಬಹಳ ಮೇಲಿದೆ. ಕೆಡಿಸುವುದು ತೇವ. ಸ್ಟ್ರಿಪ್ ಡಬ್ಬಿಯ ಮುಚ್ಚಳದಲ್ಲೋ ಗೋಡೆಯಲ್ಲೋ ತೇವ ಹೀರುವ ಪದಾರ್ಥ ಇರುತ್ತದೆ. ಒಂದು ಸ್ಟ್ರಿಪ್ ತೆಗೆದ ಕೂಡಲೇ ಟಪ್ಪೆಂದು ಮುಚ್ಚಿ. ನಾಲ್ಕು ಸ್ಟ್ರಿಪ್‌ಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವುದು, ಹೊಸ ಡಬ್ಬಿಯದನ್ನು ಹಳೆಯ ಡಬ್ಬಿಗೆ ಸುರಿಯುವುದು, ಒಲೆಯ ಪಕ್ಕದ ಗೂಡಿನಲ್ಲಿಡುವುದು, ಮೂರೂ ಬೇಡ. ಜುಲೈನಲ್ಲಿ 25 ಸ್ಟ್ರಿಪ್‌ನ ಸಣ್ಣ ಡಬ್ಬಿ ಕೊಳ್ಳುವುದು ಜಾಣತನ.

ಕೈ ತೊಳೆಯದೆ ಚುಚ್ಚಿದರೆ ಕಿತ್ತಳೆಯ ರಸ, ಜೇನು, ಬೆಲ್ಲದ ಅಂಟು ಹನಿಗೆ ಬೆರೆತು 120 ಇದ್ದದ್ದು 250 ಆಗಬಹುದು. ಬಿಸಿನೀರಿನಲ್ಲಿ ತೊಳೆದರೆ ಚಳಿಗೆ ಮರಗಟ್ಟಿದ ಬೆರಳಲ್ಲಿ ರಕ್ತವೂ ಸಲೀಸಾಗಿ ಬರುತ್ತದೆ. ಚೆನ್ನಾಗಿ ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ. ಹಿಂಡಿ ಹಿಂಡಿ ತೆಗೆದ ಹನಿ ಬೇಡ.

ಇಳಿದಾಗ ಏನು ಕೊಡಬೇಕು ಎಂಬುದೂ ಜೊತೆಕಾಯಿಲೆಯ ಮೇಲೆ ನಿಂತಿದೆ. 70ರ ಕೆಳಗೆ ಬಂದರೆ 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಮೂರು ಚಹಾ ಚಮಚ ಸಕ್ಕರೆ ಅರ್ಧ ಲೋಟ ನೀರಿನಲ್ಲಿ. ಕಿಡ್ನಿಯವರಿಗೆ ಕಿತ್ತಳೆ ರಸ, ಎಳನೀರು ಬೇಡ, ಅದರಲ್ಲಿನ ಪೊಟ್ಯಾಶಿಯಂ ಇನ್ನೊಂದು ಅಪಾಯ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ನುಂಗುವವರಿಗೆ ಸಕ್ಕರೆ, ಬೆಲ್ಲ, ಬಾಳೆಹಣ್ಣು ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆ ತಡೆಯುವುದೇ ಸಕ್ಕರೆ ಒಡೆಯುವುದನ್ನು. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಹದಿನೈದು ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಿ. ಸೆನ್ಸರ್ ಆಗಿನ್ನೂ ಹಿಂದೆಯೇ ಇರುತ್ತದೆ, ಅದು 60 ಎಂದಿತೆಂದು ಇನ್ನೆರಡು ಲೋಟ ಕುಡಿಸಿದರೆ ಒಂದು ಗಂಟೆಯಲ್ಲಿ 280. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ. ಕಿಡ್ನಿ ತೊಂದರೆಯಿದ್ದು ಗ್ಲಿಮೆಪಿರೈಡ್ ನುಂಗಿದವರಿಗೆ ಒಮ್ಮೆ ಸರಿಹೋದ ಮೇಲೂ ಇಡೀ ದಿನ ಮತ್ತೆ ಮತ್ತೆ ಇಳಿಯಬಹುದು, ಮನೆಯಲ್ಲಿಟ್ಟುಕೊಳ್ಳದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಎಚ್‌ಬಿಎ1ಸಿ ಯಾಕೆ ತಾಳೆಯಾಗುವುದಿಲ್ಲ

ಮೂರು ತಿಂಗಳ ಸರಾಸರಿ ಎನ್ನುವ ಈ ಪರೀಕ್ಷೆ ಕೆಂಪು ರಕ್ತಕಣ ತನ್ನ ಪೂರ್ತಿ ಆಯುಷ್ಯ ಬದುಕುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಕಬ್ಬಿಣಾಂಶ ಕಡಿಮೆಯಿದ್ದರೆ ಅದು ಸುಳ್ಳಾಗಿ ಏರುತ್ತದೆ. ಕಿಡ್ನಿ ರೋಗಿಗಳಿಗೆ ರಕ್ತ ಹೆಚ್ಚಲು ಕೊಡುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್, ರಕ್ತ ಹಾಕಿಸಿಕೊಳ್ಳುವುದು, ರಕ್ತಕಣ ಬೇಗ ಒಡೆಯುವ ಕಾಯಿಲೆಗಳು ಸುಳ್ಳಾಗಿ ಇಳಿಸುತ್ತವೆ. ಕೆಂಪುಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ಕಾಯಿಲೆ ಇರುವವರಿಗೆ ಈ ಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಆದಿವಾಸಿ ಹಾಡಿಗಳಲ್ಲಿ ಶುಗರ್ ತಪಾಸಣೆ ಮಾಡುವವರು ಶುಗರ್ ಕಾರ್ಡು, ಸಿಕಲ್ ಸೆಲ್ ಕಾರ್ಡು ಎರಡನ್ನೂ ಒಟ್ಟಿಗೆ ನೋಡಬೇಕು.

ಸೆನ್ಸರ್‌ನ ವರದಿಯಲ್ಲಿ ಜಿಎಂಐ ಎಂಬ ಅಂಕಿ ಬರುತ್ತದೆ, ಅದು ಸೆನ್ಸರ್‌ನ ಸರಾಸರಿಯಿಂದ ಅಂದಾಜು ಮಾಡಿದ ಎಚ್‌ಬಿಎ1ಸಿ. ಲೆಕ್ಕ ಸರಳ: ಸರಾಸರಿ ಶುಗರನ್ನು 0.02392ರಿಂದ ಗುಣಿಸಿ 3.31 ಕೂಡಿಸಬೇಕು. ಸರಾಸರಿ 150 ಇದ್ದರೆ 6.9, 180 ಇದ್ದರೆ 7.6. ಲ್ಯಾಬಿನ ಎಚ್‌ಬಿಎ1ಸಿ 6.2 ಬಂದು ಜಿಎಂಐ 7.6 ಇದ್ದರೆ ಲ್ಯಾಬು ತಪ್ಪು ಮಾಡಿದೆ ಎಂದು ಜಗಳಕ್ಕೆ ಹೋಗುವ ಮುಂಚೆ ಹಿಮೋಗ್ಲೋಬಿನ್ ನೋಡಿಸಿ.

ವೈದ್ಯರ ಮುಂದೆ ಇಡುವಾಗ

ಹೊರಗೆ ಇನ್ನೂ ನಲವತ್ತು ಜನ ಕೂತಿರುವ ಓಪಿಡಿಯಲ್ಲಿ ಫೋನ್ ಉಜ್ಜುತ್ತ ತೋರಿಸಿದರೆ ಯಾರೂ ನೋಡುವುದಿಲ್ಲ. ಎಲ್ಲ ದಿನಗಳ ಗೆರೆಯನ್ನು ಒಂದೇ ದಿನದಂತೆ ಒಟ್ಟುಗೂಡಿಸಿದ ಎಜಿಪಿ ಎಂಬ ಒಂದು ಪುಟದ ಚಿತ್ರ ಕಂಪನಿಯ ಲಿಬ್ರೆವ್ಯೂ ಜಾಲತಾಣದಲ್ಲಿ ಸಿಗುತ್ತದೆ, ಅದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ. ನಡುವಿನ ಗೆರೆ ನಿಮ್ಮ ಸಾಮಾನ್ಯ ದಿನ, ಸುತ್ತಲಿನ ಪಟ್ಟಿ ಎಷ್ಟು ಅಗಲವೋ ಅಷ್ಟು ಅಸ್ಥಿರ. ಇನ್ನೊಂದು ಹಾಳೆಯಲ್ಲಿ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು, ಹೊತ್ತು, ಯಾವ ದಿನ ತೋಟದ ಕೆಲಸ, ಯಾವ ದಿನ ಜ್ವರ, ಯಾವ ದಿನ ಮದುವೆಯೂಟ ಎಂದು ಬರೆದಿರಲಿ. ಆ ಹಾಳೆ ಇಲ್ಲದೆ ಚಿತ್ರಕ್ಕೆ ಅರ್ಧ ಬೆಲೆ.

ಸಾಮಾನ್ಯ ಗುರಿ: 70ರಿಂದ 180ರ ನಡುವೆ ಶೇ 70ಕ್ಕಿಂತ ಹೆಚ್ಚು ಹೊತ್ತು, 70ರ ಕೆಳಗೆ ಶೇ 4ಕ್ಕಿಂತ ಕಡಿಮೆ, ಅಂದರೆ ದಿನಕ್ಕೆ ಒಂದು ಗಂಟೆಯೊಳಗೆ. ಆದರೆ ವಯಸ್ಸಾದವರಿಗೆ, ಕಿಡ್ನಿ ಹೃದಯದ ಕಾಯಿಲೆ ಇದ್ದು ಕುಸಿತದ ಭಯ ಇರುವವರಿಗೆ ಗುರಿ ಸಡಿಲ: ನಡುವೆ ಅರ್ಧಕ್ಕಿಂತ ಹೆಚ್ಚು ಹೊತ್ತು ಇದ್ದರೆ ಸಾಕು, 70ರ ಕೆಳಗೆ ಮಾತ್ರ ಶೇ 1 ಕೂಡ ಮೀರಬಾರದು, ಅಂದರೆ ದಿನಕ್ಕೆ ಕಾಲು ಗಂಟೆಯೊಳಗೆ. ಎಪ್ಪತ್ತೈದರ ಅಜ್ಜನಿಗೆ ಮೂವತ್ತೈದರ ಮೊಮ್ಮಗನ ಗುರಿ ಇಟ್ಟು ಮಾತ್ರೆ ಏರಿಸುವುದು ಇಂದಿಗೂ ನಡೆಯುತ್ತಿದೆ. ಏರಿಳಿತದ ಪ್ರಮಾಣವನ್ನು ತೋರಿಸುವ ಶೇಕಡಾ ಅಂಕಿ 36 ದಾಟಿದ್ದರೆ, ಮೊದಲು ಕುಸಿತವನ್ನು ನಿಲ್ಲಿಸಿ ಆಮೇಲೆ ಏರಿಕೆಗೆ ಕೈಹಾಕುವುದು ಕ್ರಮ.

ಕೊಳ್ಳುವಾಗ ತಾರೀಖು ನೋಡಿ, ಪೊಟ್ಟಣದ ಮೇಲಿನ ಉಷ್ಣತೆಯ ಮಿತಿಯನ್ನೂ ನೋಡಿ. ಹಳೆಯ ಲಿಬ್ರೆಗೆ ಅದು 4ರಿಂದ 25 ಡಿಗ್ರಿ. ಮಡಿಕೇರಿ, ಸೋಮವಾರಪೇಟೆ ಕಡೆ ವರ್ಷದ ಬಹುಕಾಲ ಕೋಣೆಯಲ್ಲೇ ಇಡಬಹುದು. ಏಪ್ರಿಲ್‌ನಲ್ಲಿ ಕುಶಾಲನಗರದ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋದರೆ ಕೆಟ್ಟಂತೆಯೇ. ಪೆಟ್ಟಿಗೆ, ಅಂಗಡಿಯ ರಶೀದಿ, ಸೆನ್ಸರ್‌ನ ಸೀರಿಯಲ್ ನಂಬರ್ ಮೂರನ್ನೂ ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳಿ. ನಡುವೆ ಸೆನ್ಸರ್ ತಾನಾಗಿ ಸತ್ತರೆ ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಡಲು ಅವು ಬೇಕು. ಒತ್ತುವ ಸಾಧನದೊಳಗೆ ಸೂಜಿ ಉಳಿದಿರುತ್ತದೆ. ಕಾಫಿ ಸಿಪ್ಪೆಯ ಗೊಬ್ಬರದ ಗುಂಡಿಗೆ ಎಸೆಯದೆ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಸೂಜಿ ಹಾಕುವ ಡಬ್ಬಕ್ಕೆ ಕೊಟ್ಟುಬನ್ನಿ.